ಲಾಭದಿಂದ ಶುರುವಾಗುವ ಎಣಿಕೆ

ಬೆಳಿಗ್ಗೆ ಐದೂ ಹತ್ತು. ಡೊಂಬಿವಲಿ ಪೂರ್ವದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಹಳೆಯ ಗಾಲಾದ, ಅಂದರೆ ಕಾರ್ಖಾನೆ ಮಳಿಗೆಯ, ಒಳಗೆ ನೆಲವೆಲ್ಲ ಒದ್ದೆ. ದೇವದಾಸ್ ಮೂಲ್ಯರು ಅಕ್ಕಿ ತುಂಬಿದ ಎಣ್ಣೆ ಡಬ್ಬಾವನ್ನು ಎದೆಮಟ್ಟಕ್ಕೆ ಎತ್ತಿ ಸ್ಟೀಲಿನ ತೊಟ್ಟಿಗೆ ಬಗ್ಗಿಸುತ್ತಾರೆ. “ಲಾಭ” ಎನ್ನುತ್ತಾರೆ. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ ದಪ್ಪ ಪ್ಲಾಸ್ಟಿಕ್ ಚೀಲದ ಕಡೆ ತಿರುಗಿ, ಬೆರಳ ಗಂಟಿನಿಂದ ಟಕ್ಕೆಂದು ಒಂದು ಬಟನ್ ಒತ್ತುತ್ತಾರೆ. ಚೀಲದೊಳಗೆ ಇರುವುದು ಒಂದು ಕ್ಯಾಲ್ಕ್ಯುಲೇಟರು. ಅದರ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಲಾಭ’ ಎಂದು ಮೂಡುತ್ತದೆ. ಎರಡನೆಯ ಡಬ್ಬಾ ಸುರಿಯುತ್ತದೆ. “ಒಂದು” ಎನ್ನುತ್ತಾರೆ ದೇವದಾಸರು. ಟಕ್. ಪರದೆಯೂ ಒಂದು ಎನ್ನುತ್ತದೆ.

ಎರಡನೆಯದಕ್ಕೆ ಒಂದು ಎನ್ನುವ ಯಂತ್ರವನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಲೆಕ್ಕದಲ್ಲಿ ಮೂವತ್ತೈದು ಮಾರ್ಕಿಗೇ ದೇವರಿಗೆ ಕೈಮುಗಿದು ಬಂದವನು ನಾನು. ಆದರೂ ಇಷ್ಟು ನನಗೂ ಗೊತ್ತಾಗುತ್ತದೆ, ಇಲ್ಲೇನೋ ತಪ್ಪಿದೆ ಎಂದು. ಬಾಗಿಲ ಬಳಿ ಕೈಕಟ್ಟಿ ನಿಂತ ಹೆಂಗಸಿನ ಮುಖ ನೋಡುತ್ತೇನೆ. ಹತ್ತಿಯ ಸೀರೆಯ ಮೇಲೆ ರಬ್ಬರಿನ ಏಪ್ರನ್, ಕಾಲಿಗೆ ಗಂಬೂಟು, ಮೂಗಿನ ತುದಿಗೆ ಜಾರಿದ ಕನ್ನಡಕ. “ತಪ್ಪಲ್ಲ. ತಪ್ಪಿದ್ದನ್ನು ಸರಿ ಮಾಡಿದ್ದು ಅದು. ಸ್ವಲ್ಪ ತಾಳಿ, ಹೇಳ್ತೇನೆ” ಎನ್ನುತ್ತಾರೆ ಅವರು.

ಅವರು ಜಯಲತಾ ಕೋಟ್ಯಾನ್. ವಯಸ್ಸು ಐವತ್ತೇಳು. ಠಾಣೆಯಿಂದ ಕಲ್ಯಾಣದವರೆಗೆ, ಆ ಕಡೆ ನವಿ ಮುಂಬಯಿಯ ನೆರೂಳದವರೆಗೆ ಅರವತ್ತೆರಡು ಹೋಟೆಲುಗಳಿಗೆ ಇಡ್ಲಿ ಹಿಟ್ಟು ಕಳಿಸುವ ಈ ‘ಹಿಟ್ಟಿನ ಮನೆ’ಯಲ್ಲಿ ಅವರ ಹುದ್ದೆ ಸ್ಟೋರ್ ಕೀಪರ್. ಹಾಜರಿ ಪುಸ್ತಕದಲ್ಲಿ ಹಾಗೇ ಇದೆ. ಇಲ್ಲಿ ನಡೆಯುವ ಪ್ರತಿಯೊಂದು ಎಣಿಕೆಯ ಹಿಂದೆ ಅವರು ಬರೆದ ಒಂದು ಪ್ರೋಗ್ರಾಮ್ ಇದೆ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ಪೇಪರಿನ ಭಾನುವಾರದ ಪುರವಣಿಗೆ ನಿಮ್ಮ ಬಗ್ಗೆ ಬರೆಯಬೇಕು ಎಂದು ನಾನು ಫೋನ್ ಮಾಡಿದಾಗ ಅವರು ಮೊದಲು ನಕ್ಕಿದ್ದರು. ಆಮೇಲೆ ಗಂಭೀರರಾದರು. “ಬನ್ನಿ. ಆದರೆ ಒಂದು ಶರತ್ತು ಉಂಟು. ದೇವದಾಸಣ್ಣನ ಕೈಯ ಹದ ಹೋಯ್ತು, ಅಕ್ಕಿ ಕದ್ದ ಅಂತ ಮೂರು ವರ್ಷದಿಂದ ಹೋಟೆಲಿನವರೆಲ್ಲ ಮಾತಾಡ್ತಾರೆ. ಅದು ಸುಳ್ಳು. ತಪ್ಪು ನನ್ನ ಪ್ರೋಗ್ರಾಮಿನದ್ದು. ಅದನ್ನು ಬರೆಯುವುದಾದರೆ ಮಾತ್ರ ಬನ್ನಿ. ಬರೀ ನನ್ನ ಹೊಗಳಿಕೆ ಆದರೆ ಟ್ರೇನ್ ಟಿಕೆಟ್ ದಂಡ ಮಾಡ್ಬೇಡಿ” ಎಂದರು. ನಾನು ಬಂದಿದ್ದೇನೆ.

ಜಯಲತಾ ಅವರ ಮನೆ ದಿವಾದಲ್ಲಿ. ಬೆಳಿಗ್ಗೆ ನಾಲ್ಕೂಕಾಲಿಗೆ ಏಳುತ್ತಾರೆ. ಗಂಡ ರೈಲ್ವೆಯಿಂದ ನಿವೃತ್ತರು, ಚಹಾ ಅವರದೇ ಡ್ಯೂಟಿ. ದಿವಾದಿಂದ ಡೊಂಬಿವಲಿಗೆ ಎರಡೇ ಸ್ಟೇಷನ್ನು. “ದಿವಾದಲ್ಲಿ ಒಳಗೆ ಹತ್ತುವುದೇ ಒಂದು ವಿದ್ಯೆ ಮಾರಾಯ್ರೆ. ಅದಕ್ಕೆ ಯಾವ ಪ್ರೋಗ್ರಾಮೂ ಇಲ್ಲ. ಈ ಹೊತ್ತಿಗೆ ಕಲ್ಯಾಣದ ಕಡೆ ಹೋಗುವ ಗಾಡಿ ಖಾಲಿ, ಅದೇ ಪುಣ್ಯ” ಎನ್ನುತ್ತಾರೆ. ಸ್ಟೇಷನ್ನಿನಿಂದ ಶೇರಿಂಗ್ ರಿಕ್ಷಾ. ಐದಕ್ಕೆ ಐದು ನಿಮಿಷ ಇರುವಾಗ ಗಂಬೂಟು ಹಾಕಿ ಒಳಗೆ.

ಆ ಹೊತ್ತಿಗೆ ಗಾಲಾದ ಮುಂಬಾಗಿಲಲ್ಲಿ ನಿನ್ನೆ ರುಬ್ಬಿ ಹುಳಿ ಬಂದ ಹಿಟ್ಟಿನ ಕೊನೆಯ ಕ್ಯಾನುಗಳು ವ್ಯಾನ್ ಏರುತ್ತಿರುತ್ತವೆ. ಹಿಂಬಾಗಿಲ ಕಡೆ ಇವತ್ತಿನ ಅಕ್ಕಿ ನೆನೆಯಲು ಬೀಳುತ್ತಿರುತ್ತದೆ. ದಿನಕ್ಕೆ ಮೂವತ್ತು ಡಬ್ಬಾ ಅಕ್ಕಿ. ಹದಿನೈದು ಕಿಲೋ ಎಣ್ಣೆ ಬರುವ ತಗಡಿನ ಡಬ್ಬಾ ಅದು, ಅಕ್ಕಿ ತುಂಬಿದರೆ ಹದಿಮೂರು ಕಿಲೋ ಹಿಡಿಯುತ್ತದೆ. ಒಟ್ಟು ಮುನ್ನೂರ ತೊಂಬತ್ತು ಕಿಲೋ. ಅದಕ್ಕೆ ತಕ್ಕ ಉದ್ದು, ಮೆಂತ್ಯ, ನೀರು. ಕೊನೆಗೆ ಸುಮಾರು ಹನ್ನೆರಡು ಸಾವಿರ ಇಡ್ಲಿ. ಠಾಣೆಯ ನೌಪಾಡಾದಲ್ಲೋ ಕಲ್ಯಾಣದಲ್ಲೋ ನೀವು ಬೆಳಿಗ್ಗೆ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟ ಇಡ್ಲಿ ಇಲ್ಲಿಯದೇ ಇರಬಹುದು. ಯಾವ ಹೋಟೆಲೂ ಅದನ್ನು ಹೇಳುವುದಿಲ್ಲ, ಬಿಡಿ.

ಜಯಲತಾ ಹುಟ್ಟಿದ್ದು ನೌಪಾಡಾದಲ್ಲಿ. ತಂದೆ ಉಡುಪಿಯ ಕಡೆಯಿಂದ ಬಂದು ಹೋಟೆಲೊಂದರ ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತವರು. ಎಂಬತ್ತರ ದಶಕದ ಕೊನೆಯಲ್ಲಿ ಠಾಣೆ ಸ್ಟೇಷನ್ ಹತ್ತಿರ ಕಂಪ್ಯೂಟರ್ ಕ್ಲಾಸೊಂದು ಶುರುವಾದಾಗ ತಂದೆಯೇ ಕೈಹಿಡಿದು ಸೇರಿಸಿದರು. ನಾಲ್ಕು ಕಂಪ್ಯೂಟರು, ನಲವತ್ತು ಮಕ್ಕಳು. ಮುಟ್ಟಲು ಸಿಗುತ್ತಿದ್ದದ್ದು ವಾರಕ್ಕೆ ಅರ್ಧ ಗಂಟೆ. ಉಳಿದ ದಿನ ಬೇಸಿಕ್ ಭಾಷೆಯ ಪ್ರೋಗ್ರಾಮನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಮನಸ್ಸಿನಲ್ಲೇ ಓಡಿಸಿ ನೋಡುವುದು. “ಅದರಿಂದ ಒಳ್ಳೆಯದೇ ಆಯ್ತು. ಅರ್ಧ ಗಂಟೆಯಲ್ಲಿ ಮುಗಿಸಬೇಕಲ್ಲ, ಒಂದು ಅಕ್ಷರ ಜಾಸ್ತಿ ಬರೆಯುವ ಅಭ್ಯಾಸ ಆಗಲೇ ಇಲ್ಲ” ಎನ್ನುತ್ತಾರೆ.

ಕೆಲಸ ಸಿಕ್ಕಿದ್ದು ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ, ಸಹಾಯಕಿಯಾಗಿ. ಅಲ್ಲಿ ಕೆಮಿಸ್ಟರ ಮೇಜಿನ ಮೇಲೆ ಒಂದು ಪ್ರೋಗ್ರಾಮ್ ಬರೆಯಬಹುದಾದ ಕ್ಯಾಲ್ಕ್ಯುಲೇಟರ್ ಧೂಳು ತಿನ್ನುತ್ತಿತ್ತು. ಸುಮ್ಮನೆ ಕೂಡಿಸಿ ಕಳೆಯುವುದಲ್ಲ, ಅದಕ್ಕೆ ಹತ್ತಿಪ್ಪತ್ತು ಸಾಲಿನ ಸೂಚನೆ ಬರೆದಿಟ್ಟರೆ ಪ್ರತಿಸಲ ಕೇಳಿದ್ದನ್ನು ಕೇಳಿ, ಉತ್ತರ ಹೇಳುತ್ತದೆ. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು ಎನ್ನುವುದನ್ನು ಜಯಲತಾ ಅದರೊಳಗೆ ತುಂಬಿದರು. ಹದಿನಾಲ್ಕು ವರ್ಷ ಹಾಗೆ ಕಳೆದವು. ಕಾರ್ಖಾನೆ ಬಾಗಿಲು ಹಾಕಿದ ದಿನ ಎಲ್ಲರೂ ಕುರ್ಚಿ, ಫ್ಯಾನು ಎಂದು ಹೊತ್ತುಕೊಂಡು ಹೋದರೆ ಇವರು ಆ ಕ್ಯಾಲ್ಕ್ಯುಲೇಟರನ್ನು ಕೇಳಿ ತಂದರು. ಆಮೇಲೆ ಕೆಲವು ವರ್ಷ ಮನೆಯಲ್ಲಿ ಟ್ಯೂಷನ್. ಹಿಟ್ಟಿನ ಮನೆ ಸೇರಿದ್ದು ಹದಿಮೂರು ವರ್ಷದ ಹಿಂದೆ.

ಇಲ್ಲಿ ಅವರು ಎಲ್ಲದಕ್ಕೂ ಒಂದೇ ಮದ್ದು ಅರೆಯುವುದಿಲ್ಲ. ಹೋಟೆಲುಗಳ ಆರ್ಡರು ಬರುವುದು ವಾಟ್ಸಾಪಿನಲ್ಲಿ. ಒಬ್ಬರು ‘ನಾಳೆ ಎರಡು ಕ್ಯಾನ್ ಜಾಸ್ತಿ’ ಎಂದರೆ ಇನ್ನೊಬ್ಬರು ಹಿಂದಿಯಲ್ಲಿ ‘ಕಲ್ ಡಬಲ್ ಭೇಜೋ’, ಮತ್ತೊಬ್ಬರು ಮರಾಠಿಯಲ್ಲಿ ‘ಉದ್ಯಾ ನಕೋ’, ನಾಳೆ ಬೇಡ ಎಂದು. ಆ ಕಿಚಡಿಯನ್ನು ಬಿಡಿಸಲು ಆಫೀಸಿನ ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದಿದ್ದಾರೆ. ಐವತ್ತನೆಯ ವಯಸ್ಸಿನಲ್ಲಿ, ಫೋನಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಅರ್ಥವಾಗದ ಮೆಸೇಜನ್ನು ಅದು ಊಹಿಸುವುದಿಲ್ಲ, ಪಕ್ಕಕ್ಕೆ ತೆಗೆದಿಡುತ್ತದೆ. ಅದಕ್ಕೆ ಇವರೇ ಫೋನ್ ಮಾಡುತ್ತಾರೆ. ಗೋದಾಮಿನ ದಾಸ್ತಾನಿಗೆ ಸಾದಾ ಎಕ್ಸೆಲ್ ಹಾಳೆ, ಯಾಕೆಂದರೆ ಮಾಲೀಕರಿಗೆ ಅದೊಂದೇ ತೆರೆಯಲು ಬರುವುದು. ನೆನೆದ ಅಕ್ಕಿಯ ಮೇಲೆ ನೀರು ಎಷ್ಟು ನಿಲ್ಲಬೇಕು ಎನ್ನುವುದಕ್ಕೆ ತೊಟ್ಟಿಯ ಒಳಗೋಡೆಗೆ ಒಂದು ಗೀರು ಕೊರೆಸಿದ್ದಾರೆ, ಅಷ್ಟೇ. “ಅದಕ್ಕೂ ಪ್ರೋಗ್ರಾಮ್ ಬರೆಯಬಹುದಿತ್ತು. ಯಾಕೆ? ಗೀರು ಹ್ಯಾಂಗ್ ಆಗುವುದಿಲ್ಲ” ಎಂದು ನಗುತ್ತಾರೆ.

ಹಾಗಾದರೆ ರುಬ್ಬುವ ಕೋಣೆಗೆ ಕ್ಯಾಲ್ಕ್ಯುಲೇಟರೇ ಯಾಕೆ? ಕೇಳಿದ್ದೇ ತಡ, ನನ್ನ ಕೈಯನ್ನು ಹಿಡಿದು ಅಕ್ಕಿ ತೊಳೆದ ನೀರಿನಲ್ಲಿ ಅದ್ದಿಸಿದರು! “ಈಗ ನಿಮ್ಮ ಫೋನ್ ತೆಗೆದು ನನಗೊಂದು ಮೆಸೇಜ್ ಕಳಿಸಿ, ನೋಡುವ.” ಕಳಿಸಲಾಗಲಿಲ್ಲ. ಪರದೆ ಮೇಲೆ ಹೋಗು ಎಂದರೆ ಕೆಳಗೆ ಬಂತು, ಯಾರಿಗೋ ಕರೆ ಹೋಯಿತು, ಅದನ್ನು ಕಟ್ ಮಾಡುವಷ್ಟರಲ್ಲಿ ಸಾಕುಬೇಕಾಯಿತು.

“ನೋಡಿದ್ರಾ? ಇಲ್ಲಿ ಎಲ್ಲರ ಕೈ ಯಾವಾಗಲೂ ಹೀಗೇ. ಸಿಗ್ನಲ್ ಇಲ್ಲ, ಚಾರ್ಜಿಂಗಿಗೆ ಜಾಗ ಇಲ್ಲ, ಗ್ರೈಂಡರಿನ ಸದ್ದಿಗೆ ಕಿವಿ ಕೇಳುವುದಿಲ್ಲ. ಇದಕ್ಕೆ ಒಂದು ಪೆನ್ಸಿಲ್ ಸೆಲ್ ಹಾಕಿದರೆ ತಿಂಗಳುಗಟ್ಟಲೆ ನಡೀತದೆ. ಬಟನ್ ಒತ್ತಿದರೆ ಒತ್ತಿದ್ದು ಬೆರಳಿಗೆ ಗೊತ್ತಾಗ್ತದೆ. ಯಾವ ಭಾಷೆ ದೊಡ್ಡದು ಅಂತ ನಾನು ಕೇಳುವುದಿಲ್ಲ. ಯಾರು ಒತ್ತುವುದು, ಎಲ್ಲಿ ನಿಂತು ಒತ್ತುವುದು, ಅದನ್ನು ಕೇಳ್ತೇನೆ” ಎಂದರು. ಆಮೇಲೆ, “ಮೂರು ವರ್ಷದ ಹಿಂದೆ ಕೇಳಿರಲಿಲ್ಲ” ಎಂದು ಸೇರಿಸಿದರು.

ಮೂರು ವರ್ಷದ ಹಿಂದಿನ ಆ ಕಥೆಗೆ ಬರೋಣ. ಅದಕ್ಕೇ ತಾನೆ ನನ್ನನ್ನು ಕರೆಸಿದ್ದು.

ಆಗ ಈ ಕೋಣೆಯಲ್ಲಿ ಯಾವ ಯಂತ್ರದ ಲೆಕ್ಕವೂ ಇರಲಿಲ್ಲ. ಇದ್ದದ್ದು ದೇವದಾಸರ ಕೈ. ಹೋಟೆಲು ಲೋಕದಲ್ಲಿ ‘ಕೈ’ ಎಂದರೆ ಹುದ್ದೆ, ಹೆಸರು, ಎಲ್ಲವೂ. ಅಕ್ಕಿಯನ್ನು ಅವರು ಡಬ್ಬಾದಲ್ಲಿ ಎಣಿಸಿ ಹಾಕುತ್ತಿದ್ದರು. ಉದ್ದನ್ನು ಕಣ್ಣಂದಾಜಿನಲ್ಲಿ ಸುರಿದು, ರುಬ್ಬುವಾಗ ಹಿಟ್ಟಿಗೆ ಕೈ ಹಾಕಿ ನೋಡಿ, ಬೇಕಾದರೆ ಇಷ್ಟು ಉದ್ದು, ಇಷ್ಟು ನೀರು ಸೇರಿಸುತ್ತಿದ್ದರು. ಮಾಲೀಕ ವಸಂತಕುಮಾರ ಹೆಗ್ಡೆಯವರಿಗೆ ಒಂದು ಚಿಂತೆ ಹತ್ತಿತು. ದೇವದಾಸರಿಗೆ ಅರವತ್ತು ಹತ್ತಿರವಾಯಿತು, ನಾಳೆ ಅವರು ಊರಿಗೆ ಹೊರಟರೆ ಕೈಯೂ ಜೊತೆಗೆ ಹೋಗುತ್ತದೆ. ಹಿಟ್ಟನ್ನು ಲೆಕ್ಕಕ್ಕೆ ತನ್ನಿ ಎಂದು ಜಯಲತಾ ಅವರಿಗೆ ಹೇಳಿದರು.

ಇವರು ತಂದರು. ಅಕ್ಕಿ ನಾಲ್ಕು ಪಾಲಾದರೆ ಉದ್ದು ಒಂದು ಪಾಲು ಎಂದು ದೇವದಾಸರಿಂದ ಕೇಳಿಕೊಂಡರು. ಒಂದು ಡಬ್ಬಾ ಅಕ್ಕಿಗೆ ಮೂರೂಕಾಲು ಕಿಲೋ ಉದ್ದು. ಆಫೀಸಿನ ಮೇಜಿನ ಪಕ್ಕ ಒಂದೇ ಒಂದು ಡಬ್ಬಾ ಅಕ್ಕಿ ಇಟ್ಟು ಪರೀಕ್ಷೆ ಮಾಡಿದರು. ಇಡ್ಲಿ ಮಲ್ಲಿಗೆಯ ಹಾಗೆ ಬಂತು. ಕಲ್ಯಾಣದ ಸರ್ವೇಯರೊಬ್ಬರಿಂದ ಇನ್ನೊಂದು ಹಳೆಯ ಕ್ಯಾಲ್ಕ್ಯುಲೇಟರ್ ಕೊಂಡು, ನಲವತ್ತು ಸಾಲಿನ ಪ್ರೋಗ್ರಾಮ್ ಬರೆದು, ಹೊರಗಿನ ಕೋಣೆಯಲ್ಲಿ ತಕ್ಕಡಿಯ ಪಕ್ಕ ಇಟ್ಟರು. ಒಳಗಿನಿಂದ ದೇವದಾಸರು ಎಷ್ಟು ಡಬ್ಬಾ ಅಕ್ಕಿ ಬಿತ್ತು ಎಂದು ಕೂಗಬೇಕು. ತಕ್ಕಡಿಯ ಹತ್ತಿರ ಇದ್ದವರು ಅದನ್ನು ಒತ್ತಿ, ಕ್ಯಾಲ್ಕ್ಯುಲೇಟರ್ ಹೇಳಿದಷ್ಟು ಉದ್ದು ತೂಗಿ ಕೊಡಬೇಕು. ಇನ್ನು ಮೇಲೆ ಯಾರೂ ಕೈಯಲ್ಲಿ ಕಮ್ಮಿ ಜಾಸ್ತಿ ಮಾಡಕೂಡದು ಎಂದು ಹೆಗ್ಡೆಯವರು ಬೋರ್ಡಿನಲ್ಲಿ ಬರೆಸಿದರು.

ದಿನಕ್ಕೆ ಎರಡು ಸರ್ತಿ ಅಕ್ಕಿ ಹಾಕುವುದು. ಠಾಣೆ, ಡೊಂಬಿವಲಿ, ಕಲ್ಯಾಣಕ್ಕೆ ದೊಡ್ಡದು, ಆಗ ಇಪ್ಪತ್ತನಾಲ್ಕು ಡಬ್ಬಾ. ನೆರೂಳದ ಕಡೆಗೆ ದೂರದ ವ್ಯಾನು ಬೇಗ ಹೊರಡಬೇಕಾದ್ದರಿಂದ ಬೇರೆಯಾಗಿ ಸಣ್ಣದು, ನಾಲ್ಕು ಡಬ್ಬಾ. ಒಂದು ವಾರದೊಳಗೆ ನೆರೂಳದಿಂದ ದೂರು ಬರತೊಡಗಿತು. ಇಡ್ಲಿ ಕಲ್ಲು. ಸಾಂಬಾರಿನಲ್ಲಿ ಹಾಕಿದರೆ ಸಾಂಬಾರೇ ಹೆದರುತ್ತದೆ ಎಂದು ಒಬ್ಬರು ಬರೆದಿದ್ದರಂತೆ. ದೊಡ್ಡ ಹಿಟ್ಟಿನಿಂದ ಒಂದೇ ಒಂದು ದೂರಿಲ್ಲ.

ದೇವದಾಸರು ಮೊದಲ ದಿನವೇ ಹೇಳಿದ್ದರು. ಈಗ ಚಹಾ ಲೋಟ ಹಿಡಿದು ಕುಳಿತು ಅದನ್ನು ನೆನೆಯುತ್ತಾರೆ. “ಹಿಟ್ಟಿಗೆ ಕೈ ಹಾಕಿದ್ರೆ ಗೊತ್ತಾಗ್ತದಲ್ಲ. ಉದ್ದು ಕಮ್ಮಿ ಉಂಟು ಜಯಕ್ಕ ಅಂದೆ.”

ಜಯಲತಾ ತಲೆ ತಗ್ಗಿಸುತ್ತಾರೆ. “ನಾನು ಎಂತ ಹೇಳಿದೆ ಗೊತ್ತುಂಟಾ? ಲೆಕ್ಕ ತಪ್ಪುವುದಿಲ್ಲ ಅಣ್ಣ, ನಿಮಗೆ ಹಳೇ ಅಭ್ಯಾಸ ಅಂದೆ. ನಗಾಡಿಕೊಂಡು ಹೇಳಿದ್ದು. ಆ ನಗು ನೆನಪಾದ್ರೆ ಈಗಲೂ ನನ್ನ ಮೇಲೇ ಸಿಟ್ಟು ಬರ್ತದೆ.”

ತಿಂಗಳ ಕೊನೆಗೆ ಇನ್ನೊಂದು ಬಾಂಬು. ಗೋದಾಮಿನಲ್ಲಿ ಆರುನೂರ ಎಪ್ಪತ್ತಾರು ಕಿಲೋ ಅಕ್ಕಿ ಕಮ್ಮಿ! ಮೊದಲೆಲ್ಲ ಮೂಟೆ ಮುಗಿದರೆ ಇನ್ನೊಂದು ತರಿಸುವುದು, ಅಷ್ಟೇ. ಪ್ರೋಗ್ರಾಮ್ ಬಂದ ಮೇಲೆ ಎಷ್ಟು ಅಕ್ಕಿ ಖರ್ಚಾಗಬೇಕು ಎನ್ನುವುದು ಗೊತ್ತು, ಎಷ್ಟು ಉಳಿದಿದೆ ಎನ್ನುವುದು ಕಣ್ಣೆದುರು. ಹೆಗ್ಡೆಯವರು ಕೆಟ್ಟವರಲ್ಲ. ಆದರೆ ಇಡ್ಲಿ ಕಲ್ಲಾಗಿದೆ, ಅಕ್ಕಿ ಮಾಯವಾಗಿದೆ, ಎರಡೂ ಒಬ್ಬರ ಕೈಯ ಕೆಳಗೆ. ಸ್ವಲ್ಪ ದಿನ ಮನೆಯಲ್ಲಿರಿ ಎಂದು ದೇವದಾಸರಿಗೆ ಹೇಳಿದರು. ಬೇರೊಬ್ಬ ಮಾಸ್ಟರ್ ಬಂದ. ಮರುದಿನದಿಂದಲೇ ನೆರೂಳದ ಇಡ್ಲಿ ಸರಿಯಾಯಿತು. ಅಕ್ಕಿಯೂ ಒಂದು ಸೇರು ಕಮ್ಮಿಯಾಗಲಿಲ್ಲ.

ಇನ್ನೇನು ಬೇಕು? ಹೋಟೆಲಿನವರ ಬಾಯಿಗೆ ಬೀಗ ಹಾಕುವವರು ಯಾರು? ದೇವದಾಸನ ಕೈ ಹೋಗಿದೆ, ಅಕ್ಕಿಗೂ ಕೈ ಹಾಕಿದ್ದಾನೆ ಎಂಬ ಮಾತು ವ್ಯಾನಿನ ಜೊತೆಗೇ ಠಾಣೆಯಿಂದ ನೆರೂಳದವರೆಗೆ ತಲುಪಿತು.

ಜಯಲತಾ ಅವರಿಗೂ ಹಾಗೇ ಅನಿಸಿತ್ತಂತೆ. ಅದನ್ನೂ ಮುಚ್ಚಿಡುವುದಿಲ್ಲ ಅವರು. ಆದರೆ ಒಂದು ಸಂಖ್ಯೆ ಅವರ ಕಾಲಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. “ಆರುನೂರ ಎಪ್ಪತ್ತಾರನ್ನು ಹದಿಮೂರರಿಂದ ಭಾಗಿಸಿದೆ. ಸರಿಯಾಗಿ ಐವತ್ತೆರಡು ಡಬ್ಬಾ. ಕೆಲಸದ ದಿನ ಇಪ್ಪತ್ತಾರು, ದಿನಕ್ಕೆ ಎರಡು ಸರ್ತಿ ಅಕ್ಕಿ ಹಾಕುವುದು. ಅಂದರೆ ಪ್ರತಿ ಸರ್ತಿಗೆ ಒಂದು ಡಬ್ಬಾ. ದೊಡ್ಡದಕ್ಕೂ ಒಂದು, ಸಣ್ಣದಕ್ಕೂ ಒಂದು. ಕದಿಯುವವನು ಇಷ್ಟು ಶಿಸ್ತಿನಲ್ಲಿ ಕದಿಯುತ್ತಾನಾ? ಕಳ್ಳನಿಗೂ ಒಂದು ದಿನ ಉದಾಸೀನ ಬರುವುದಿಲ್ವಾ?”

ದೇವದಾಸರು ಮನೆಯಲ್ಲಿ ಕುಳಿತು ಹನ್ನೊಂದು ದಿನವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಜಯಲತಾ ಕಲ್ಯಾಣದಲ್ಲಿರುವ ಅವರ ಮನೆಗೆ ಹೋದರು. ದೇವದಾಸರು ಕುರ್ಚಿ ಎಳೆದು ಹಾಕಿದರು. ಹೆಂಡತಿ ಬಾಗಿಯವರು ಮಾತಾಡಿದರು. “ನೀವಾದ್ರೂ ಹೇಳಿ ಅಕ್ಕ, ಈ ಮನುಷ್ಯ ಮೂವತ್ತು ವರ್ಷದಲ್ಲಿ ಒಂದು ಹಿಡಿ ಅಕ್ಕಿ ಮನೆಗೆ ತಂದದ್ದನ್ನು ಯಾರಾದ್ರೂ ನೋಡಿದ್ದಾರಾ?” ಎಂದರು. ಬೈದರೂ ಬಂದವರನ್ನು ಊಟ ಮಾಡದೆ ಕಳಿಸುವ ಮನೆಯಲ್ಲ ಅದು. ಕಣ್ಣೊರೆಸಿಕೊಂಡು ಅಕ್ಕಿ ಡಬ್ಬಿಯ ಮುಂದೆ ಕುಳಿತು ಪಾವಿನಲ್ಲಿ ಅಳೆಯತೊಡಗಿದರು.

“ಲಾಭ” ಎಂದರು. ಒಂದು ಪಾವು ಪಾತ್ರೆಗೆ ಬಿತ್ತು. “ಒಂದು.” ಇನ್ನೊಂದು ಬಿತ್ತು. “ಎರಡು.” ಮತ್ತೊಂದು. ಪಾವನ್ನು ಒಳಗಿಟ್ಟು ಡಬ್ಬಿ ಮುಚ್ಚಿದರು.

ಎರಡು ಎಂದರು, ಬಿದ್ದದ್ದು ಮೂರು.

ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮವರಿಗೆಲ್ಲ ಗೊತ್ತಿರುವ ಪದ್ಧತಿ. ಮನೆಯಲ್ಲಿ ಕಮ್ಮಿಯಾಗದಿರಲಿ ಎಂಬ ಆಸೆ. ಹೆಚ್ಚಿನವರು ಲಾಭದ ಮೇಲೆ ಎರಡು ಎನ್ನುತ್ತಾರೆ, ಲೆಕ್ಕ ಸರಿಹೋಗುತ್ತದೆ. ದೇವದಾಸರ ಅಜ್ಜ ಕಲಿಸಿದ್ದು ಹಾಗಲ್ಲ. ಲಾಭ ದೇವರದ್ದು, ಅದನ್ನು ಎಣಿಸಬಾರದು, ನಮ್ಮದು ಆಮೇಲೆ ಒಂದರಿಂದ. ಆ ಮನೆಯಲ್ಲಿ ಮೂರು ತಲೆಮಾರು ಹಾಗೇ ಎಣಿಸಿದೆ.

“ಬಿದ್ದ ಪಾವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದೆ” ಎನ್ನುತ್ತಾರೆ ಜಯಲತಾ. “ಅಣ್ಣ, ಡಬ್ಬಾವನ್ನೂ ನೀವು ಹೀಗೇ ಎಣಿಸುವುದಾ ಅಂತ ಕೇಳಿದೆ. ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. ಮತ್ತೆ ಹೇಗೆ ಎಣಿಸುವುದು ಅಂದರು.”

ಅಲ್ಲಿಗೆ ಎಲ್ಲವೂ ತಿಳಿಯಾಯಿತು. ದೇವದಾಸರು ನಾಲ್ಕು ಎಂದು ಕೂಗಿದರೆ ತೊಟ್ಟಿಯಲ್ಲಿ ಇದ್ದದ್ದು ಐದು ಡಬ್ಬಾ. ಹೊರಗೆ ತೂಗಿ ಕೊಟ್ಟ ಉದ್ದು ನಾಲ್ಕಕ್ಕೆ ಮಾತ್ರ. ಐದರಲ್ಲಿ ಒಂದು ಪಾಲು ಉದ್ದು ಖೋತಾ, ಇಡ್ಲಿ ಕಲ್ಲಾಗದೆ ಇನ್ನೇನಾಗುತ್ತದೆ? ದೊಡ್ಡದರಲ್ಲಿ ಇಪ್ಪತ್ತನಾಲ್ಕು ಎಂದರೆ ಇಪ್ಪತ್ತೈದು. ಅಲ್ಲಿ ಖೋತಾ ನೂರಕ್ಕೆ ನಾಲ್ಕು, ಯಾರ ನಾಲಗೆಗೂ ಗೊತ್ತಾಗಲಿಲ್ಲ. ಅವರ ಕೈ ಹಿಟ್ಟಿನಲ್ಲಿ ಇರುವವರೆಗೆ ಆ ಒಂದು ಡಬ್ಬಾವನ್ನು ಕೈಯೇ ನೋಡಿಕೊಳ್ಳುತ್ತಿತ್ತು. ಕೈಯನ್ನು ಕಟ್ಟಿಹಾಕಿದ್ದು ಪ್ರೋಗ್ರಾಮು. ಹೊಸ ಮಾಸ್ಟರ್ ಒಂದು ಎರಡು ಎಂದು ಎಣಿಸುವವನು, ಅವನು ಬಂದ ಕೂಡಲೇ ಎಲ್ಲ ಸರಿಯಾಗಿ, ದೇವದಾಸರ ಕಳ್ಳತನಕ್ಕೆ ಸಾಕ್ಷಿ ಸಿಕ್ಕಂತಾಯಿತು. ತಪ್ಪು ಹೊರಗೆ ಬರಬೇಕಾದ ಪರೀಕ್ಷೆಯನ್ನು ಜಯಲತಾ ಮಾಡಿದ್ದು ಒಂದೇ ಡಬ್ಬಾ ಇಟ್ಟು, ಅದೂ ತಾವೇ ಸುರಿದು.

“ನನ್ನ ಅಮ್ಮನೂ ಲಾಭ ಅಂತಲೇ ಶುರುಮಾಡ್ತಾ ಇದ್ದದ್ದು! ಕೇಳಿಕೊಂಡೇ ದೊಡ್ಡದಾದವಳು ನಾನು. ಮೂವತ್ತು ವರ್ಷ ಪ್ರೋಗ್ರಾಮ್ ಬರೆದವಳಿಗೆ, ಎಣಿಕೆ ಎಲ್ಲಿಂದ ಶುರು ಅಂತ ಕೇಳಬೇಕು ಅನ್ನುವುದು ಹೊಳೆಯಲಿಲ್ಲ ಅಂದರೆ ಎಂತ ಹೇಳುವುದು?”

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲ ಹದಿನೆಂಟು ಜನರನ್ನು ನಿಲ್ಲಿಸಿ, ಹೆಗ್ಡೆಯವರ ಎದುರು ಹೇಳಿದರು. ಮಾಲೀಕರು ತಾವು ಬರೆಸಿದ ಬೋರ್ಡಿನ ಕಡೆ ನೋಡಿದರು. “ಲೆಕ್ಕ ತಪ್ಪುವುದಿಲ್ಲ ಅಂದಿದ್ರಲ್ಲ ಜಯಕ್ಕ?” ಎಂದರು. ಲೆಕ್ಕ ತಪ್ಪಲಿಲ್ಲ ಸೇಠ್, ನಾನು ಅವರ ಎಣಿಕೆ ಕೇಳಲಿಲ್ಲ ಎಂದು ಇವರು. ಹೆಗ್ಡೆಯವರೇ ಕಾರು ತೆಗೆದುಕೊಂಡು ಕಲ್ಯಾಣಕ್ಕೆ ಹೋಗಿ ದೇವದಾಸರನ್ನು ಕರೆದುಕೊಂಡು ಬಂದರು. ಅದನ್ನು ಮಾತ್ರ ಊರಿನಲ್ಲಿ ಯಾರೂ ಹೇಳಿಕೊಂಡು ತಿರುಗಲಿಲ್ಲ.

ಆಮೇಲೆ ಎದ್ದ ಪ್ರಶ್ನೆ, ಸರಿಪಡಿಸುವುದು ಹೇಗೆ? ಹೆಗ್ಡೆಯವರು ಸುಲಭದ ದಾ‌ರಿ ಹೇಳಿದರು, ದೇವದಾಸ ಇನ್ನು ಒಂದರಿಂದ ಎಣಿಸಲಿ. ಹೆಗ್ಡೆಯವರ ಮಗಳು ನಿಕಿತಾ ಇಂಜಿನಿಯರು, ಕನ್ನಡ ಅರ್ಥವಾದರೂ ಉತ್ತರ ಬರುವುದು ಹಿಂದಿಯಲ್ಲಿ. “ಆಂಟಿ, ಟ್ಯಾಬ್ ಲಗಾತೇ ಹೈ ನಾ, ಸಬ್ ಆಟೋಮ್ಯಾಟಿಕ್” ಎಂದಳು. ಟಚ್ ಸ್ಕ್ರೀನಿನ ಟ್ಯಾಬೂ ಬಂತು. ಒದ್ದೆ ಬೆರಳಿಗೆ ಒಂದು ಡಬ್ಬಾವನ್ನು ಮೂರು ಎಂದು ಬರೆದುಕೊಂಡು, ನಾಲ್ಕನೆಯ ದಿನ ನೆನೆದ ಉದ್ದಿನ ಬಕೆಟ್ಟಿಗೆ ಬಿದ್ದು ಪ್ರಾಣ ಬಿಟ್ಟಿತು. ನಿಕಿತಾಳೇ ಈಗ ಆ ಕಥೆಯನ್ನು ಹೊಟ್ಟೆ ಹಿಡಿದು ನಗುತ್ತಾ ಹೇಳುತ್ತಾಳೆ. ನವಿ ಮುಂಬಯಿಯ ತನ್ನ ಆಫೀಸಿನಲ್ಲಿ ಹೊಸ ಕೆಲಸ ಶುರುವಾದರೆ, ಅದನ್ನು ಬಳಸುವವರ ಪಕ್ಕ ಮೊದಲು ಒಂದು ದಿನ ನಿಂತು ಬರುತ್ತಾಳಂತೆ.

ಜಯಲತಾ ಎರಡೂ ದಾರಿ ಹಿಡಿಯಲಿಲ್ಲ. ಕ್ಯಾಲ್ಕ್ಯುಲೇಟರನ್ನು ಹೊರಗಿನ ತಕ್ಕಡಿಯಿಂದ ಕಿತ್ತು ಒಳಗೆ ದೇವದಾಸರ ಕೈಗೆಟಕುವ ಮೊಳೆಗೆ ಹಾಕಿದರು. ಪ್ರತಿ ಡಬ್ಬಾಕ್ಕೆ ಒಂದು ಸಲ ಒತ್ತುವುದು. ಮೊದಲ ಒತ್ತಿಗೆ ಲಾಭ, ಎರಡನೆಯದಕ್ಕೆ ಒಂದು. ಮುಗಿದಾಗ ಸೊನ್ನೆ ಒತ್ತಿದರೆ ಯಂತ್ರ ತನ್ನೊಳಗೆ ಆ ಲಾಭವನ್ನೂ ಸೇರಿಸಿಕೊಂಡು ಉದ್ದಿನ ತೂಕ ಹೇಳುತ್ತದೆ. ಇಂಗ್ಲಿಷ್ ಓದಲು ಬಾರದ ದೇವದಾಸರಿಗೆ ಲಾಭದ ಆ ಐದು ಅಕ್ಷರಗಳ ಆಕಾರ ಈಗ ಬಾಯಿಪಾಠ. ರುಬ್ಬುವಾಗ ಕೈ ಹಾಕಿ ನೋಡಿ ಹೆಚ್ಚು ಕಮ್ಮಿ ಮಾಡುವ ಹಕ್ಕೂ ಅವರಿಗೆ ವಾಪಸು ಬಂತು, ಬೋರ್ಡು ಅಳಿಸಲಾಯಿತು.

“ಅರವತ್ತು ವರ್ಷದ ಬಾಯಿಯನ್ನು ತಿದ್ದುವುದಕ್ಕಿಂತ ಎರಡು ಸಾಲು ತಿದ್ದುವುದು ಸುಲಭ ಅಲ್ವಾ? ಅವರು ಮೊದಲೇ ಸರಿ ಇದ್ದರು. ಅವರನ್ನು ಯಾಕೆ ತಿದ್ದುವುದು?” ಎನ್ನುತ್ತಾರೆ ಜಯಲತಾ.

ಈ ಮಾದರಿಯ ಕ್ಯಾಲ್ಕ್ಯುಲೇಟರು ಈಗ ಬರುವುದಿಲ್ಲ. ಹಳೆಯದನ್ನು ಹುಡುಕಿ ಹುಡುಕಿ ಮೂರು ಕೂಡಿಹಾಕಿದ್ದಾರೆ. ಒಂದು ಮೊಳೆಯ ಮೇಲೆ, ಒಂದು ಆಫೀಸಿನ ಕಪಾಟಿನಲ್ಲಿ, ಇನ್ನೊಂದು ದಿವಾದ ಮನೆಯಲ್ಲಿ, ಮಗಳ ಮದುವೆಯ ಬೆಳ್ಳಿ ಲೋಟಗಳ ಜೊತೆ. ಇದೆಲ್ಲ ಮುಗಿದ ಮೇಲೆ ಏನು ಎಂದು ಕೇಳಿದೆ. ಆಗಿನ ಕೈಗೆ ಯಾವುದು ಒಗ್ಗುತ್ತದೋ ಅದು, ನಿಕಿತಾ ಬರೆಯುತ್ತಾಳೆ, ಈಗ ಅವಳಿಗೆ ಗೊತ್ತುಂಟು ಎಂದರು.

ಅವರನ್ನು ಕಾಡುವುದು ಅದಲ್ಲ. ಕಳೆದ ತಿಂಗಳು ಕಲ್ಯಾಣದ ಒಂದು ಮದುವೆಯಲ್ಲಿ ನೆರೂಳದ ಹೋಟೆಲಿನವರೊಬ್ಬರು ಊಟದ ಪಂಕ್ತಿಯಲ್ಲೇ ದೇವದಾಸರನ್ನು ಮಾತಾಡಿಸಿದರಂತೆ. ಏನು ದೇವದಾಸ್, ಈಗ ಕೈ ಸರಿಯಾಯ್ತಾ, ಎರಡೂ ತರದ್ದು? ಅಕ್ಕಪಕ್ಕದವರು ನಕ್ಕರು. ದೇವದಾಸರೂ ನಕ್ಕರು, ನಕ್ಕು ಎಲೆ ಮಡಚಿ ಎದ್ದರು. ಪಾಯಸ ಇನ್ನೂ ಬಡಿಸಿರಲಿಲ್ಲ. ಆಮೇಲೆ ಬಂದ ಎರಡು ಮದುವೆಗೆ ಬಾಗಿಯವರು ಒಬ್ಬರೇ ಹೋಗಿಬಂದರು. ಇದನ್ನು ಹೇಳುತ್ತಾ ಜಯಲತಾ ಏಪ್ರನ್ನಿನ ಅಂಚಿನಿಂದ ಕನ್ನಡಕ ಒರೆಸಿದರು, ಅದು ಇನ್ನೂ ಮಂಜಾಯಿತು.

ಗಂಟೆ ಏಳಾಗಿದೆ. ದೇವದಾಸರು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತು ಕನ್ನಡ ಪೇಪರು ಬಿಡಿಸಿದ್ದಾರೆ, ನಿಧಾನವಾಗಿ, ತುಟಿಯಾಡಿಸುತ್ತಾ. ನಾನು ಮೊಳೆಯಲ್ಲಿದ್ದ ಚೀಲವನ್ನು ಕೈಗೆ ತೆಗೆದುಕೊಂಡು, ಜಯಲತಾ ಅವರನ್ನು ಕೇಳಿ, ಪ್ರೋಗ್ರಾಮನ್ನು ಮೊದಲಿನಿಂದ ಶುರು ಮಾಡಿದೆ. ಲಾಭ ಬರುವ ಮೊದಲು ಇನ್ನೊಂದು ಸಾಲು ಇಂಗ್ಲಿಷಿನಲ್ಲಿ ಮಿನುಗಿ ಹೋಯಿತು. ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮತ್ತೊಮ್ಮೆ ಶುರು ಮಾಡಿ ಓದಿದೆ. ‘ದೇವದಾಸ್ ಸರಿ, ಜಯಲತಾ ತಪ್ಪು.’

ಒಂದು ಅಕ್ಷರ ಜಾಸ್ತಿ ಬರೆಯದ ಹೆಂಗಸು ಇವರು. ಇಷ್ಟು ಪುಟ್ಟ ಯಂತ್ರದಲ್ಲಿ ಇದಕ್ಕೆ ಜಾಗ ದಂಡವಲ್ಲವೇ ಎಂದೆ.

“ಪ್ರೋಗ್ರಾಮಿಗೆ ಅದು ಬೇಡ. ನನಗೆ ಬೇಕು” ಎಂದರು. “ದಿನಾ ಬೆಳಿಗ್ಗೆ ಒಂದು ಸರ್ತಿ ನೆನಪಾಗಲಿ ಅಂತ. ಆದರೆ ಅದನ್ನು ಓದುವುದು ನಾನೊಬ್ಬಳೇ. ಅವರಿಗೆ ಅದರಲ್ಲಿ ತನ್ನ ಹೆಸರು ಉಂಟು ಅನ್ನುವುದು ಗೊತ್ತು, ಮುಂದಿನದ್ದು ಗೊತ್ತಿಲ್ಲ.”

ಆಮೇಲೆ ಪೇಪರಿನ ಹಿಂದೆ ಮುಳುಗಿದ್ದ ದೇವದಾಸರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಒದ್ದೆ ಕೈಗೆ ಕ್ಯಾಲ್ಕ್ಯುಲೇಟರು ಸರಿ, ವಾಟ್ಸಾಪಿಗೆ ಪೈಥಾನ್ ಸರಿ. ಈ ಒಂದು ಕೆಲಸ ಅವೆರಡರಿಂದಲೂ ಆಗಲಿಲ್ಲ. ನಮ್ಮ ಹೋಟೆಲುಗಳ ಎಲ್ಲ ಗಲ್ಲಾದ ಮೇಲೂ ಭಾನುವಾರ ನಿಮ್ಮ ಪೇಪರ್ ಇರ್ತದೆ. ಇವರೂ ಓದುತ್ತಾರೆ. ಅದಕ್ಕೇ ನಿಮ್ಮನ್ನು ಬರಹೇಳಿದ್ದು. ನನ್ನ ಫೋಟೋ ಹಾಕದಿದ್ದರೂ ಅಡ್ಡಿಲ್ಲ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ದೇವದಾಸಣ್ಣನ ಎಣಿಕೆ ಸರಿ ಇತ್ತು.”